ಕೆಂಡಕ್ಕೆ ಹಾಕಿದ ಪಟಿಕ

ಪಟಿಕ ಹೆಸರಿಗೆ ಮಾತ್ರ ಕಲ್ಲು. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ, ನಾಲಿಗೆಗೆ ತಾಗಿಸಿದರೆ ಬಾಯೆಲ್ಲ ಒಗರು. ಕೆಂಪು ನೀರಿನ ಕೊಡದೊಳಗೆ ನಾಲ್ಕು ಸುತ್ತು ತಿರುಗಿಸಿದರೆ ಮಣ್ಣೆಲ್ಲ ತಳಕ್ಕಿಳಿಯುತ್ತದೆ. ರಾವಂದೂರಿನ ನಮ್ಮ ಮನೆಯಲ್ಲಿ ಅಜ್ಜಿ ಒಂದು ಗಡ್ಡೆಯನ್ನು ಕರಿ ದಾರದಲ್ಲಿ ಬಾಗಿಲಿಗೆ ಕಟ್ಟಿದ್ದಳು. ಇನ್ನೊಂದನ್ನು ತೇವ ತಾಗದಂತೆ ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದಳು. ಮಳೆಗಾಲದಲ್ಲಿ ಬಾಗಿಲ ಪಟಿಕ ಸಣ್ಣಗಾಗುತ್ತಿತ್ತು. ಜನರ ಕಣ್ಣನ್ನೆಲ್ಲ ಅದು ತಿನ್ನುತ್ತಿದೆ ಅನ್ನುತ್ತಿದ್ದಳು ಅಜ್ಜಿ. ಇರಚಲಿಗೆ ಕರಗುತ್ತಿದೆ ಅಂದರೆ ನನಗೇ ಬೈಗುಳ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ತಮ್ಮ ಆಗತಾನೆ ಕೂರಲು ಕಲಿತ ಕೂಸು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುವಾದ ಅವನ ಅಳು ನಿಲ್ಲುತ್ತಲೇ ಇರಲಿಲ್ಲ. ಪಿರಿಯಾಪಟ್ಟಣದ ಡಾಕ್ಟರು ಕೊಟ್ಟ ಔಷಧಿಯೂ ಮುಗಿದಿತ್ತು. ಅವನನ್ನು ಅವ್ವನಿಗಿಂತ ಹೆಚ್ಚಾಗಿ ಸಾಕುತ್ತಿದ್ದವಳು ದೊಡ್ಡವ್ವ, ನಮ್ಮ ದೊಡ್ಡಪ್ಪನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ನೀರು ಹಾಕುವುದು, ತಟ್ಟಿ ಮಲಗಿಸುವುದು ಎಲ್ಲ ಅವಳದೇ. ಬೀದಿಯ ಹೆಂಗಸರಿಗೆ ಅಷ್ಟು ಸಾಕಾಗಿತ್ತು. ಮಕ್ಕಳಿಲ್ಲದವಳ ಕಣ್ಣು ತಾಗಿದೆ ಎಂಬ ಅವರ ಗುಸುಗುಸು ಅಜ್ಜಿಯ ಕಿವಿಗೂ ಬಿದ್ದಿತ್ತು.

ಒಂದು ಮಂಗಳವಾರ ಮುಸ್ಸಂಜೆ ಅಜ್ಜಿ ಅಟ್ಟದ ಪಟಿಕವನ್ನು ಕೂಸಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಅದು ಗುಳುಗುಳು ಕುದಿಯಿತು, ಉಬ್ಬಿತು, ಬೆಳ್ಳಗೆ ಏನೋ ಆಗತೊಡಗಿತು. ಕಣ್ಣು ಹಾಕಿದವರ ರೂಪ ಅದರಲ್ಲಿ ಮೂಡುತ್ತದೆ ಎಂಬುದು ನಂಬಿಕೆ. ಮೂಡಿದ್ದನ್ನು ಬಾಯಿಬಿಟ್ಟು ಹೇಳಬಾರದು. ಎಡಗಾಲಲ್ಲಿ ತುಳಿದು, ಮೂರು ದಾರಿ ಕೂಡುವಲ್ಲಿ ಎಸೆದರೆ ಮುಗಿಯಿತು.

ಇಕ್ಕಳದಲ್ಲಿ ತೆಗೆದು ಹೊಸ್ತಿಲಾಚೆ ಆರಲು ಇಟ್ಟಾಗ ಎಲ್ಲರೂ ಬಗ್ಗಿ ನೋಡಿದೆವು. ಬಾಗಿದ ಕತ್ತು, ಎಡಕ್ಕೆ ಜಾರಿದ ತುರುಬು. ನನ್ನ ಪಕ್ಕದಲ್ಲೇ ದೊಡ್ಡವ್ವ ಕೂಸನ್ನು ಸೊಂಟಕ್ಕೇರಿಸಿಕೊಂಡು, ಹಾಗೆಯೇ ಕತ್ತು ಬಾಗಿಸಿ ನಿಂತಿದ್ದಳು.

ಅಜ್ಜಿ ಕಾಲೆತ್ತುವಷ್ಟರಲ್ಲಿ ಅವಳೇ ಅಂದಳು, “ನನ್ನಂಗೇ ಅದೆ ಕಣತ್ತೆ.”

“ಸುಮ್ಕಿರವ್ವ, ಏಳ್ಬಾರ್ದು.” ಅಂದಳು ಅಜ್ಜಿ.

“ನಂಗೇ ಕಾಣ್ತದಲ್ಲ.” ಕೂಸನ್ನು ಅವ್ವನ ಕೈಗೆ ಕೊಟ್ಟಳು. “ನಾಳೆ ಸಂಜೇನೂ ಅತ್ರೆ, ನನ್ ಕಣ್ಣಲ್ಲ ಅಂತ ತಿಳ್ಕಂಡು ಎತ್ಕತೀನಿ. ಅಳ್ದಿದ್ರೆ ಇನ್ ಮುಟ್ಟಾಕಿಲ್ಲ ಬುಡು.” ಅಜ್ಜಿ ಪಟಿಕವನ್ನು ತುಳಿದು, ಮೂರು ದಾರಿ ಕೂಡುವಲ್ಲಿ ಎಸೆದು ಬಂದಳು.

ಮಾರನೆ ಸಂಜೆ ದೀಪ ಹಚ್ಚಿದ ಮೇಲೆ ದೊಡ್ಡವ್ವ ಅಡುಗೆಮನೆಯ ಕತ್ತಲಲ್ಲಿ ಕಿವಿಗೊಟ್ಟು ಕೂತಿದ್ದಳು. ಅಳೋ, ಒಂದೇ ಒಂದು ಸಲ ಅಳೋ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ತಮ್ಮ ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಅಡುಗೆಮನೆಯ ಬಾಗಿಲನ್ನೇ ನೋಡುತ್ತ ನಗುತ್ತಿದ್ದ.