ಹಾಡದ ಹಾಡನ್ನು ಹೊಗಳಿದ ಅತ್ತೆ

"ಮೂರನೇ ಹಾಡಂತೂ ಭಾಳ ಛಲೋ ಹಾಡೀದಿ ನೋಡವಾ. ಕಣ್ಣಾಗ ನೀರ ಬಂತು ನಂಗ" ಅಂದೆ.

ನಿವೇದಿತಾ ಸೋಫಾದಲ್ಲಿ ಚೂರು ಮುಂದಕ್ಕೆ ಸರಿದು ಕೂತಳು. ಆಮೇಲೆ ಮೆಲ್ಲಗೆ, "ಅತ್ತಿ, ಮೂರನೇದ್ರಾಗ ನಾ ಹಾಡೇ ಇಲ್ಲ. ಅದು ಬರೇ ವಾದ್ಯ" ಅಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸುವುದು ಇಂಥ ಹೊತ್ತಿನಲ್ಲೇ. ಚಹಾದ ಕಪ್ಪಿನೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತ ಕೂತೆ. ಏನೂ ಬಿದ್ದಿರಲಿಲ್ಲ. (ಹೋಗಿದ್ದು ನನ್ನ ಮರ್ಯಾದೆ. ಅದು ಕಪ್ಪಿನೊಳಗೆ ಕಾಣುವಂಥದ್ದಲ್ಲ.)

ನಿವೇದಿತಾ ನನ್ನ ಅಣ್ಣನ ಮಗಳು. ಲಿಂಗಂಪಲ್ಲಿಯಲ್ಲಿ ಬೆಳೆದ ಹುಡುಗಿ, ಈಗ ವಿಯೆನ್ನಾದಲ್ಲಿ ಒಪೆರಾ ಹಾಡುತ್ತಾಳೆ. ಒಪೆರಾ ಅಂದರೆ ಯುರೋಪಿನವರ ಸಂಗೀತ ನಾಟಕ. ನಮ್ಮ ಕಂಪನಿ ನಾಟಕಗಳಲ್ಲಿ ನಾಯಕಿ ಮುಂದೆ ಬಂದು ನಿಂತು ಒಬ್ಬಳೇ ಹಾಡುತ್ತಿದ್ದಳಲ್ಲ, ಅಂಥ ಹಾಡಿಗೆ ಅವರು ಆರಿಯಾ ಅನ್ನುತ್ತಾರೆ. ಅದನ್ನು ಹೆಣ್ಣುಕಂಠದ ಅತಿ ಎತ್ತರದ ಸ್ವರಗಳಲ್ಲಿ ಹಾಡುವವಳು ಸೊಪ್ರಾನೋ. ಇಷ್ಟನ್ನು ನಾನು ಕಲಿತದ್ದೇ ಮೊನ್ನೆ ಮೊನ್ನೆ. ಅದಕ್ಕೂ ಮೊದಲು, ಏನೂ ತಿಳಿಯದೆಯೇ, ಆಫೀಸಿನಲ್ಲೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದ್ದೆ.

ಅವಳ ಮೊದಲ ಆಲ್ಬಂ ಬಂದಿದೆ. ಹತ್ತು ಆರಿಯಾ, ನಡುವೆ ಒಂದು ವಾದ್ಯ. ಎಲ್ಲ ಸೇರಿ ಐವತ್ತು ನಿಮಿಷ. ಲಿಂಕನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ ಎರಡೇ ನಿಮಿಷದಲ್ಲಿ ಚಪ್ಪಾಳೆ, ಬೆಂಕಿ, ಹಾರ್ಟು ಎಲ್ಲ ಸುರಿದವು. ನಾನು "ಮೈ ಜುಮ್ಮೆಂದಿತು" ಎಂದು ಬರೆದೆ. ಐವತ್ತು ನಿಮಿಷದ ಹಾಡಿಗೆ ಎರಡು ನಿಮಿಷದಲ್ಲಿ ಮೈ ಹೇಗೆ ಜುಮ್ಮೆಂದಿತು? ಯಾರೂ ಕೇಳಲಿಲ್ಲ. ಎಲ್ಲರೂ ಅದೇ ಕೆಲಸ ಮಾಡಿದ್ದರಲ್ಲ!

ರಜೆಗೆಂದು ಊರಿಗೆ ಬಂದವಳಿಗೆ ನಾಂಪಲ್ಲಿಯ ಒಂದು ಹಾಲಿನಲ್ಲಿ ನಮ್ಮವರೆಲ್ಲ ಸೇರಿ ಸನ್ಮಾನವನ್ನೂ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ. ಅಷ್ಟು ಹೊತ್ತಿಗೆ ಊಟದ ವಾಸನೆ ಬಂತು. "ಟೈಮ್ ಭಾಳ ಆಗೇದರಿ, ಹಾಡು ಮುಂದಿನ ಸಲ ಕೇಳೂಣು" ಎಂದು ವಂದನಾರ್ಪಣೆ ಮುಗಿಸಿಬಿಟ್ಟರು. ಗಾಯಕಿಗೆ ಸನ್ಮಾನ, ಹಾಡಿಗೆ ಮಾತ್ರ ಪುರುಸೊತ್ತಿಲ್ಲ. ನಾನು ಮುಂದಿನ ಸಾಲಿನಲ್ಲೇ ಕೂತು ಫೋಟೋ ತೆಗೆಯುತ್ತಿದ್ದೆ.

ಅದಾದ ಮೇಲೆ ಶುಕ್ರವಾರ ಮಧ್ಯಾಹ್ನ ಉಪ್ಪಲ್‌ನ ನಮ್ಮ ಮನೆಗೆ ಬಂದಿದ್ದಳು. ಆಗಲೇ ನಾನು ಆ ಮೂರನೇ ಹಾಡನ್ನು ಹೊಗಳಿ ಸಿಕ್ಕಿಬಿದ್ದದ್ದು.

ಅವಳು ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಆಗಲಿಲ್ಲ. "ಇರ್ಲಿ ಬಿಡತ್ತಿ, ನೀವೊಬ್ಬರ ಅಲ್ಲ. ಅಪ್ಪಾಜಿನೂ ಪೂರ್ತಿ ಕೇಳಿಲ್ಲ. ಸೋಮವಾರ ಹೊಂಟೀನಿ. ಅಷ್ಟರೊಳಗ ನಮ್ಮವರು ಒಬ್ಬರರೇ ಕೂತು ಕೇಳಿ, ಹಿಂಗೈತಿ ಅಂತ ಹೇಳಿದ್ರ ಸಾಕಾಗಿತ್ತು" ಅಂದಳು. ಕೊನೆಗೆ ಧ್ವನಿ ಸ್ವಲ್ಪ ನಡುಗಿತು. ಎಷ್ಟು ಎತ್ತರದ ಸ್ವರಕ್ಕೂ ನಡುಗದ ಧ್ವನಿಯಂತೆ ಅದು!

"ಈಗಿಂದೀಗ ಹಚ್ಚು. ಏಳಂಗಿಲ್ಲ ನಾ" ಎಂದು ಸ್ಪೀಕರ್ ತಂದಿಟ್ಟೆ. ಬೆಲ್ ಆಯಿತು.

ಬಾಗಿಲು ತೆಗೆದರೆ ನಮ್ಮ ಭಜನಾ ಮಂಡಳಿ! ಶುಕ್ರವಾರಕ್ಕೊಂದು ಮನೆ, ಈ ಸಲ ನನ್ನ ಪಾಳಿ. ಮರೆತೇಬಿಟ್ಟಿದ್ದೆ. ಹನ್ನೆರಡು ಜನ ಹೆಂಗಸರು, ಕೈಯಲ್ಲಿ ತಾಳ, ಮುಂದೆ ಗಂಗಾಬಾಯಿ. ಭಾಲ್ಕಿ ಕಡೆಯವರು, ಎಂಬತ್ತರ ಹತ್ತಿರ. ಹಾರ್ಮೋನಿಯಂ ಅವರದೇ. ಮಂಡಳಿಯಲ್ಲಿ ಅವರು ಹೇಳಿದ್ದೇ ಶ್ರುತಿ.

"ಏನು ಹಚ್ಚೀರಿ?" ಅಂದರು.

"ಇವಳು ಹಾಡಿದ್ದರಿ. ಆದ್ರ ದೇವರ ಹಾಡಲ್ಲ, ಭಾಷಾನೂ ನಮದಲ್ಲ."

"ದೇವರ ಹಾಡು ವಾರಾ ವಾರಾ ಹಾಡತೀವಲ್ಲ? ಹಚ್ಚವಾ, ಕೇಳೂಣು." ಗೋಡೆಗೆ ಒರಗಿ ಕೂತೇಬಿಟ್ಟರು. ಅವರು ಕೂತ ಮೇಲೆ ಉಳಿದವರು ನಿಲ್ಲುತ್ತಾರೆಯೇ?

ಮೊದಲ ಹಾಡು ಶುರುವಾಯಿತು. ನಿವೇದಿತಾಳ ಧ್ವನಿ ಏರಿತು, ಇಳಿಯಿತು, ಒಂದು ಸಾಲು ಮುಗಿದು ಚೂರು ಬಿಡುವು ಬಂತು. ಅಷ್ಟೇ! ಹನ್ನೆರಡೂ ಜನ ತಾಳ ತಟ್ಟಿ "ಆ…" ಎಂದು ಆ ಸಾಲನ್ನು ತಿರುಗಿ ಹೇಳಿದರು. ಭಜನೆಯಲ್ಲಿ ಅದೇ ಪದ್ಧತಿ ನೋಡಿ. ಮುಂದಿನವರು ಒಂದು ಸಾಲು ಹೇಳಿ ನಿಲ್ಲಿಸಿದರೆ ಹಿಂದಿನವರು ಎತ್ತಿಕೊಳ್ಳಬೇಕು. ಎಷ್ಟೋ ವರ್ಷದ ರೂಢಿ, ವಿಯೆನ್ನಾ ಎಂದರೆ ಬಿಡುತ್ತದೆಯೇ?

ನನಗೆ ಬೆವರು ಕಿತ್ತುಬಂತು. "ಅಯ್ಯ, ಸುಮ್ಮನಿರ್ರೇ!" ಅಂದೆ. ನಿವೇದಿತಾ ಮಾತ್ರ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು.

ಎರಡನೇ ಹಾಡಿಗೆ ಗಂಗಾಬಾಯಿ ಕೈ ಎತ್ತಿದರು. ತಾಳಗಳು ಕೆಳಗಿಳಿದವು. ಮೂರನೆಯದು ಬಂದಾಗ ನಾನು ತಲೆ ತಗ್ಗಿಸಿ ಕೂತೆ. ಎಂಥ ಒಳ್ಳೆಯ ವಾದ್ಯ ಅಂತೀರಿ! ಐದನೇ ಹಾಡಿಗೆ ಸುಶೀಲಮ್ಮ ತೂಕಡಿಸಿದರು. (ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಆಕಳಿಕೆ ಬಂತು.) ಆದರೆ ಯಾರೂ ಏಳಲಿಲ್ಲ, ಯಾರೂ ಫೋನ್ ನೋಡಲಿಲ್ಲ. ಐವತ್ತು ನಿಮಿಷ.

ಮುಗಿಯಿತು. ಗಂಗಾಬಾಯಿ ಕಣ್ಣು ಬಿಟ್ಟರು.

"ಏಳನೇ ಹಾಡಿನ ಕಡೀಕ ಉಸರು ಸಾಲಲಿಲ್ಲ ನಿಂಗ. ಮ್ಯಾಲಿನ ಸ್ವರ ಛಂದ ಹಿಡದಿ, ಖರೆ. ಇಳಿಯೂ ಮುಂದ ಗಡಿಬಿಡಿ ಮಾಡಿದಿ."

ನನಗೆ ಮೈಯೆಲ್ಲ ಉರಿಯಿತು. ಪಾಪದ ಹುಡುಗಿ ಒಂದು ಒಳ್ಳೆಯ ಮಾತಿಗೆ ಕಾಯುತ್ತಿದ್ದಾಳೆ, ಈ ಮುದುಕಿ ತಪ್ಪು ಹುಡುಕುತ್ತಾಳಲ್ಲ! ಏನೋ ಅನ್ನಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ನಿವೇದಿತಾ ಸೋಫಾ ಬಿಟ್ಟು ಕೆಳಗಿಳಿದು ಗಂಗಾಬಾಯಿಯವರ ಮೊಣಕಾಲಿಗೆ ತಾಗಿ ಕೂತಿದ್ದಳು. "ಆಯಿ, ಅದ ಜಾಗಾ! ಅದನ್ನ ಒಂಬತ್ತು ಸಲ ರೆಕಾರ್ಡ್ ಮಾಡೀವ್ರಿ. ನಮ್ಮ ಗುರುಗಳನ್ನ ಬಿಟ್ರ ಯಾರಿಗೂ ಗೊತ್ತಾಗಿರಲಿಲ್ಲ. ನಿಮಗ ಹೆಂಗ ಗೊತ್ತಾತ್ರಿ?"

"ಕಿವಿ ಅದಾವಲ್ಲವಾ" ಅಂದರು ಗಂಗಾಬಾಯಿ, ಹಾರ್ಮೋನಿಯಂ ಎಳೆದುಕೊಳ್ಳುತ್ತ. "ಹೇಳು, ಎಲ್ಲಿಂದ ಇಳೀತಿ?"

ಅವಳು ಹಾಡಿದಳು. ಇವರು ಸ್ವರ ಒತ್ತಿ ಹಿಡಿದರು. "ಇನ್ನೊಮ್ಮೆ." ಮತ್ತೆ ಹಾಡಿದಳು. "ಅವಸರ ಯಾಕ? ಇನ್ನೊಮ್ಮೆ." ನಾಲ್ಕನೇ ಸಲಕ್ಕೆ "ಈಗಾತು ನೋಡು" ಅಂದರು. ಆ ಹುಡುಗಿಯ ಮುಖ ನೀವು ನೋಡಬೇಕಿತ್ತು! ಅಂದು ಭಜನೆ ಆಗಲೇ ಇಲ್ಲ. ಎಲ್ಲರೂ ಮಂಡಾಳೊಗ್ಗರಣೆ ತಿಂದು, ಚಹಾ ಕುಡಿದು, ಖುಷಿಯಾಗಿ ಮನೆಗೆ ಹೋದರು. ನಿವೇದಿತಾ ಮೆಟ್ರೋ ಹತ್ತುವವರೆಗೂ ಆ ಸಾಲನ್ನೇ ಗುನುಗುತ್ತಿದ್ದಳು.

ಅಷ್ಟು ದೊಡ್ಡ ಸನ್ಮಾನಕ್ಕೆ ಅರಳದ ಮುಖ ಒಂದು ತಪ್ಪು ತೋರಿಸಿದ್ದಕ್ಕೆ ಅರಳಿತಲ್ಲ! ನಾವೆಲ್ಲ ಅವಳನ್ನು ಪ್ರೀತಿಸುವವರೇ, ಅನುಮಾನವಿಲ್ಲ. ಹೊಗಳಿ ಮುಗಿಸಿಬಿಡುವ ಅವಸರ ಅಷ್ಟೇ. ಮಗ ಬರೆದ ಚಿತ್ರಕ್ಕೂ "ಸೂಪರ್", ಹೆಂಡತಿಯ ಹೊಸ ಅಡುಗೆಗೂ "ಸೂಪರ್", ಗೆಳತಿಯ ಹತ್ತು ವರ್ಷದ ಕೆಲಸಕ್ಕೂ ಒಂದು ಹೆಬ್ಬೆರಳು.

ಇರಲಿ, ಒಂದು ಮಾತು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಯಾರಿಗೆ, ಎಲ್ಲಿ ಉಸಿರು ಸಾಲುತ್ತಿಲ್ಲ, ನಿಮಗೆ ಗೊತ್ತೇ?