ಯಾರೂ ಇಲ್ಲ ಎನ್ನುವ ಸಾಲು

ಕಳೆದ ಸೋಮವಾರ ಬೆಳಿಗ್ಗೆ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿರುವ ಸಂಗಣ್ಣನ ಅಂಗಡಿಯ ಹಳೆಯ ಕಂಪ್ಯೂಟರನ್ನು ಕೊನೆಯ ಸಲ ಬಿಚ್ಚಲಾಯಿತು. ಬಿಚ್ಚಿದವನು ಸಂಗಣ್ಣನೇ. ನಾನು ಟಾರ್ಚ್ ಹಿಡಿದಿದ್ದೆ. ಪಕ್ಕದ ತಗಡು ಸರಿಸಿದ ಕೂಡಲೇ ಕಾದ ಧೂಳಿನ ವಾಸನೆ ಬಂತು. ಇಬ್ಬರೂ ಸೀನಿದೆವು.

"ಸ್ಟೇಷನ್ ರೋಡಿನ ಅರ್ಧ ಧೂಳ ಇದರಾಗ ಐತಿ ನೋಡ್ರಿ," ಅಂದ. "ಉಳಿದರ್ಧ ಯಾರರೆ ಬಳದ್ರ ಸಾಕು."

ಕಂಪ್ಯೂಟರಿನೊಳಗಿನ ಧೂಳಿನ ವಾಸನೆ ನಿಮಗೂ ಪರಿಚಯವಿರಬಹುದು. ನನಗೆ ಅದು ಬಬಲೇಶ್ವರದ ಒಬ್ಬ ಹೆಣ್ಣುಮಗಳನ್ನು ನೆನಪಿಗೆ ತರುತ್ತದೆ. ಯಾಕೆಂದು ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೇ ಸಮಾಧಾನವಾಗುವುದಿಲ್ಲ. ಬಹಳ ವರ್ಷ ಪತ್ರಿಕೆಯೊಂದರ ಜಿಲ್ಲಾ ಕಚೇರಿಯಲ್ಲಿ ಕೂತವನ ಚಾಳಿ ಇದು. ಮನೆಯಲ್ಲಿ ಹಾಲು ಉಕ್ಕಿದರೂ ಯಾವಾಗ, ಎಲ್ಲಿ, ನೋಡಿದವರು ಯಾರು ಎಂದು ಕೇಳುತ್ತೇನೆಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಸಂಗಣ್ಣನದು ಮದುವೆ ಕಾರ್ಡು ಜೋಡಿಸುವ, ಅರ್ಜಿ ಟೈಪ್ ಮಾಡುವ, ಝೆರಾಕ್ಸ್ ತೆಗೆಯುವ ಅಂಗಡಿ. ತಂಗಿಯ ಹೆರಿಗೆಯಲ್ಲಿ ರಕ್ತಕ್ಕಾಗಿ ಊರೆಲ್ಲ ಓಡಾಡಿದ ಮೇಲೆ, ರಕ್ತ ಕೊಡುವವರ ಹೆಸರು, ಊರು, ಗುಂಪು, ಫೋನ್ ನಂಬರು ಕೂಡಿಸತೊಡಗಿದ. ಕಾರ್ಡು ಮಾಡಿಸಲು ಬಂದವರನ್ನೂ ಬಿಡುತ್ತಿರಲಿಲ್ಲ. "ಹೆಸರ ಹೇಳಿದ್ರಿ, ಮುಹೂರ್ತ ಹೇಳಿದ್ರಿ, ರಕ್ತದ ಗುಂಪ ಯಾವುದರಿ?" ಮದುಮಗನ ಸೋದರಮಾವನೊಬ್ಬ ರೇಗಿದ್ದ: "ಏ ಯಪ್ಪಾ, ಲಗ್ನ ಮಾಡಾಕ ಬಂದೀವಿ, ಆಪರೇಶನ್ ಮಾಡ್ಸಾಕ ಅಲ್ಲ." ಸಂಗಣ್ಣ ಆ ಮಾವನ ಗುಂಪನ್ನೂ ಬರೆದುಕೊಂಡೇ ಕಳಿಸಿದ.

ಹೆಸರುಗಳೆಲ್ಲ ಅಂಗಡಿಯ ಕಂಪ್ಯೂಟರಿನ ಒಂದು ಡೇಟಾಬೇಸಿನಲ್ಲಿದ್ದವು. ಬೇಕಾದವರು ಅಂಗಡಿಗೆ ಫೋನ್ ಮಾಡಬೇಕು. ಅಂಗಡಿ ಮುಚ್ಚಿದ್ದರೆ ಹೆಸರುಗಳೂ ಮುಚ್ಚಿದ ಹಾಗೆ. ಅದಕ್ಕೇ ವೆಬ್‌ಸೈಟಿಗೆ ಜೋಡಿಸಬೇಕೆಂದು ಹೊರಟ. ಕಡಿಮೆ ಖರ್ಚಿನದೆಂದು ಶೇರ್ಡ್ ಹೋಸ್ಟಿಂಗ್ ತೆಗೆದುಕೊಂಡ. ಒಂದೇ ದೊಡ್ಡ ಕಂಪ್ಯೂಟರಿನಲ್ಲಿ ಎಷ್ಟೋ ಜನರ ವೆಬ್‌ಸೈಟು ಇರುವ ವ್ಯವಸ್ಥೆ ಅದು. ವಠಾರದಲ್ಲಿ ಖೋಲಿ ಹಿಡಿದ ಹಾಗೆ, ನಳ ಎಲ್ಲರಿಗೂ ಒಂದೇ.

ಅಂಗಡಿಯಲ್ಲಿ ಪರೀಕ್ಷೆ ಮಾಡಿದಾಗ ಊರು ಆರಿಸಿದರೆ ಹೆಸರು ಬಂದವು. ಸರ್ವರಿಗೆ ಹಾಕಿದ ಮೇಲೆ ಒಂದೂ ಬರಲಿಲ್ಲ. ಒದ್ದಾಡಿ ಸಾಕಾಗಿ ಹೋಸ್ಟಿಂಗ್ ಕಂಪನಿಗೆ ಫೋನ್ ಹಚ್ಚಿದ. ಎತ್ತಿದವನು ನಮ್ಮ ಕಡೆಯವನೇ.

"ಡೇಟಾಬೇಸ್ ಎಲ್ಲಿ ಐತಿ ಅಂತ ಬರದೀರಿ?"

"ಡಿ ಡ್ರೈವ್‌ನ್ಯಾಗ."

"ಯಾರ ಡಿ ಡ್ರೈವ್ರಿ?"

"ನಂದರಿ."

"ಅಣ್ಣಾರ, ನಿಮ್ಮ ಡಿ ಡ್ರೈವ್ ನಿಮ್ಮ ಅಂಗಡಿಯಾಗ ಐತಿ. ಇಲ್ಲಿ ಕುಂತ ಸರ್ವರಿಗೆ ಹ್ಯಾಂಗ ಕಾಣಬೇಕು?"

ವೆಬ್‌ಸೈಟು ತನ್ನ ಅಂಗಡಿಯೊಳಗೆ ಇಣುಕಿ ಹೆಸರು ಓದುತ್ತದೆಂದು ಸಂಗಣ್ಣ ತಿಳಿದಿದ್ದ. ನಾನೂ ಹಾಗೇ ತಿಳಿದಿದ್ದೆ. ಹಾಗಲ್ಲವಂತೆ. ಡೇಟಾಬೇಸಿನ ಒಂದು ಪ್ರತಿಯನ್ನು ಸರ್ವರಿನಲ್ಲೇ ಇಡಬೇಕು. ಅದು ಇರುವ ಜಾಗವನ್ನೇ ಪುಟಕ್ಕೆ ತಿಳಿಸಬೇಕು. ಹಾಗೆ ಮಾಡಿದ, ಹೆಸರು ಬಂದವು. ಅವತ್ತು ಗಾಂಧಿ ಚೌಕದಲ್ಲಿ ನಿಂತು ಮಿರ್ಚಿ ಭಜಿ ತಿಂದೆವು.

ಪುಟದ ಕನ್ನಡ ನನ್ನದು. ಯಾರ ಹೆಸರೂ ಸಿಗದಿದ್ದಾಗ ಕಾಣಬೇಕಾದ ಸಾಲನ್ನೂ ನಾನೇ ಬರೆದೆ: "ಈ ಊರಿನಲ್ಲಿ ಈ ಗುಂಪಿನವರು ಯಾರೂ ಇಲ್ಲ." ವಿಶೇಷಣವಿಲ್ಲ, ಅನುಮಾನವಿಲ್ಲ. ಒಳ್ಳೆಯ ಸಾಲೆಂದು ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಅಲ್ಲಿಂದ ಮುಂದೆ ಹೆಸರುಗಳ ಪ್ರತಿ ಎರಡಾದವು, ಅಂಗಡಿಯಲ್ಲಿ ಒಂದು, ಸರ್ವರಿನಲ್ಲಿ ಒಂದು. ಇಲ್ಲಿ ತಿದ್ದಿದ್ದು ಅಲ್ಲಿಗೆ ತಾನಾಗಿ ತಿಳಿಯುವುದಿಲ್ಲ. ಸಂಗಣ್ಣ ಪ್ರತಿ ಶನಿವಾರ ತಿದ್ದಿದ ಪ್ರತಿಯನ್ನು ಸರ್ವರಿಗೆ ಕಳಿಸುತ್ತಿದ್ದ.

ಆ ಹೆಸರುಗಳಲ್ಲಿ ಬಬಲೇಶ್ವರದ ಲೈನ್‌ಮನ್ ಸಿದ್ಧಾರ್ಥನದೂ ಒಂದು. ಅವನದು ಓ ನೆಗೆಟಿವ್, ಸುಲಭಕ್ಕೆ ಸಿಗದ ರಕ್ತ. ತಾನು ಕೊಡುವುದಲ್ಲದೆ, ಸುತ್ತಲಿನ ಊರುಗಳಲ್ಲಿ ಅದೇ ಗುಂಪಿನವರನ್ನು ಹುಡುಕಿ ಗೆಳೆತನ ಮಾಡಿಕೊಂಡಿದ್ದ. ಮಮದಾಪುರ ರಸ್ತೆಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಸಾವಿನ ಸುದ್ದಿಯನ್ನು ಮನೆಯವರಿಂದ ಖಚಿತ ಮಾಡಿಕೊಳ್ಳದೆ ಹಾಕಬಾರದೆಂಬುದು ನಮ್ಮ ಕಚೇರಿಯ ಕಟ್ಟಳೆ. ಅವನ ನಂಬರಿಗೆ ಫೋನ್ ಮಾಡಿದೆ, ಅವನ ಅಣ್ಣ ಎತ್ತಿ ಹೌದೆಂದರು. ಸುದ್ದಿ ಒಂದು ಮೂಲೆಯಲ್ಲಿ ಬಂತು.

ಸಂಗಣ್ಣ ಅಂದೇ ಅಂಗಡಿಯ ಪ್ರತಿಯಿಂದ ಅವನ ಹೆಸರು ತೆಗೆದ. ಶನಿವಾರ ಕಳಿಸಿದ. ಆದರೆ ಸರ್ವರಿನಲ್ಲಿ ಹಳೆಯ ಪ್ರತಿ ಬಳಕೆಯಲ್ಲೇ ಸಿಕ್ಕಿಕೊಂಡಿತ್ತು. ಹೊಸದು ಅದರ ಮೇಲೆ ಕೂರಲಿಲ್ಲ. ಮುಂದಿನ ಶನಿವಾರಗಳಲ್ಲೂ ಹಾಗೇ ಆಯಿತು. ತನ್ನ ಪರದೆಯಲ್ಲಿ ಹೆಸರು ಇಲ್ಲದ್ದನ್ನು ನೋಡಿ ಸಂಗಣ್ಣ ಎಲ್ಲ ಕಡೆಯೂ ಇಲ್ಲವೆಂದು ನಂಬಿದ.

ಅದು ಗೊತ್ತಾದದ್ದು ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರ ಒಣದ್ರಾಕ್ಷಿಯ ಪೊಟ್ಟಣ ಹಿಡಿದು ಅಂಗಡಿಗೆ ಬಂದಾಗ. ನಾನೂ ಅಲ್ಲಿದ್ದೆ. ಅವನ ಹೆಂಡತಿಯ ಆಪರೇಶನ್‌ಗೆ ಓ ನೆಗೆಟಿವ್ ಬೇಕಾಗಿತ್ತಂತೆ.

"ನಿಮ್ಮ ವೆಬ್‌ಸೈಟಿನ್ಯಾಗ ಬಬಲೇಶ್ವರದ ಸಾಹೇಬರ ನಂಬರ ಸಿಕ್ತು. ಒಬ್ಬಾಕಿ ಹೆಣ್ಮಗಳು ಎತ್ತಿದ್ಲು. 'ಅವರಿಗೆ ಬರಾಕ ಆಗೂದಿಲ್ಲರಿ, ಫೋನ್ ಇಡಬ್ಯಾಡ್ರಿ, ಇನ್ನೊಬ್ಬರ ನಂಬರ ಕೊಡ್ತೀನಿ' ಅಂದ್ಲು. ಆ ಇನ್ನೊಬ್ಬ ಬಂದು ಕೊಟ್ಟ. ನಮ್ಮಾಕಿ ಈಗ ಮನಿಯಾಗ ಅದಾಳ. ಸಾಹೇಬರಿಗೆ ಇದನ್ನ ಮುಟ್ಟಸ್ರಿ."

ಸಂಗಣ್ಣ ಪೊಟ್ಟಣ ಮುಟ್ಟಲಿಲ್ಲ. ನಿಧಾನಕ್ಕೆ ವಿಷಯ ಹೇಳಿದ. ಬೆಳೆಗಾರ ಸ್ಟೂಲಿನ ಮೇಲೆ ಕೂತು ತಲೆಯ ಟೊಪ್ಪಿಗೆ ತೆಗೆದ.

"ಸಾಹೇಬರನ್ನ ಲಗೂ ಕರೀರಿ, ಲಗೂ ಕರೀರಿ ಅಂತ ಅಕಿಗೆ ಗಂಟ ಬಿದ್ನಲ್ಲೋ ಯಪ್ಪಾ," ಅಂದ.

ಮರುದಿನ ನಾವಿಬ್ಬರೂ ಪೊಟ್ಟಣ ಹಿಡಿದು ಬಬಲೇಶ್ವರದ ಬಸ್ಸು ಹತ್ತಿದೆವು. ಸಿದ್ಧಾರ್ಥನ ಹೆಂಡತಿ ಸುಜಾತಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಗಂಡನ ಫೋಟೊ, ಕೆಳಗೆ ಚಾರ್ಜಿಗೆ ಹಾಕಿದ ಅವನ ಫೋನು. ಸಂಗಣ್ಣ ಎರಡು ಪ್ರತಿಗಳ ಗೊಂದಲ ಬಿಡಿಸಿ ಹೇಳಿ ತಪ್ಪಾಯಿತೆಂದ, ಇವತ್ತೇ ಹೆಸರು ತೆಗೆಸುತ್ತೇನೆಂದ.

"ತಗೀಬ್ಯಾಡ್ರಿ," ಅಂದಳು. "ರೇಷನ್ ಕಾರ್ಡಿನಾಗ ತಗದಾರ. ಓಟಿನ ಯಾದ್ಯಾಗ ತಗದಾರ. ಅವರನ್ನ ಕೇಳ್ಕೋತ ಬರೂದು ಇದೊಂದ ಉಳದೈತ್ರಿ."

ನಾನು ಬಾಯಿ ಹಾಕಿದೆ. ಇಲ್ಲದವರ ಹೆಸರನ್ನು ಇದ್ದವರ ಜೊತೆ ಇಡುವುದು ತಪ್ಪು ದಾಖಲೆ ಎಂದೆ. ಫೋನ್ ಮಾಡುವವರಿಗೆ ಒಂದೊಂದು ನಿಮಿಷವೂ ಮುಖ್ಯ ಎಂದೆ.

"ಅದು ನನಗೂ ತಿಳೀತೈತ್ರಿ. ಫೋನ್ ಬಂದಾಗೊಮ್ಮೆ ನಾನೂ ಓಡ್ಯಾಡೀನಿ. ಅವರ ದೋಸ್ತರ ನಂಬರ ಎಲ್ಲಾ ಈ ಫೋನಿನ್ಯಾಗ ಅದಾವು. ಇಲ್ಲೀತನಾ ಯಾರನ್ನೂ ಖಾಲಿ ಕೈಲೆ ಕಳಿಸಿಲ್ಲ."

ಆಮೇಲೆ ಒಣದ್ರಾಕ್ಷಿ ನಮ್ಮ ಮುಂದೆಯೇ ಬಿಚ್ಚಿ ಬಟ್ಟಲಲ್ಲಿ ಹಾಕಿ ಕೊಟ್ಟಳು. ನಾವು ಎದ್ದು ಬಾಗಿಲಿಗೆ ಬಂದಾಗ, "ತಗದ್ರ ನನ್ನ ಮುಂದ ತಗೀರಿ," ಅಂದಳು. "ನಿಮ್ಮ ಅಂಗಡಿಯಾಗಿನದಷ್ಟ ತೋರಿಸಬ್ಯಾಡ್ರಿ. ಹೊರಗಿನದನ್ನೂ ತೋರಿಸ್ರಿ."

ನಾವಿಬ್ಬರೂ ನೋಡದೆ ಬಿಟ್ಟದ್ದು ಅದನ್ನೇ.

ಆ ವಾರವೇ ಅಂಗಡಿಗೆ ಬಂದಳು. ಸಂಗಣ್ಣ ಹೋಸ್ಟಿಂಗ್ ಕಂಪನಿಗೆ ಹೇಳಿ ಹಳೆಯ ಪ್ರತಿಯನ್ನು ಬಿಡಿಸಿಟ್ಟಿದ್ದ. ಕಂಪ್ಯೂಟರ್ ಬಹಳ ಕಾದಿದ್ದರಿಂದ ಅವನು ಪಕ್ಕದ ತಗಡು ತೆಗೆದು ಫ್ಯಾನು ತಿರುಗಿಸಿದ್ದ. ಧೂಳಿನ ವಾಸನೆ ಅಂಗಡಿ ತುಂಬಿತ್ತು. ಹೊಸ ಪ್ರತಿ ಹೋಯಿತು. ಸುಜಾತಾ ಗಂಡನ ಫೋನಿನಲ್ಲೇ ವೆಬ್‌ಸೈಟು ತೆರೆದು ಊರು ಆರಿಸಿದಳು, ಗುಂಪು ಆರಿಸಿದಳು. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದಳು:

"ಈ ಊರಿನಲ್ಲಿ ಈ ಗುಂಪಿನವರು ಯಾರೂ ಇಲ್ಲ."

ಝೆರಾಕ್ಸಿಗೆ ಬಂದವರೊಬ್ಬರು ಬಾಗಿಲಲ್ಲೇ ನಿಂತರು.

"ಇದನ್ನ ಯಾರ ಬರದಾರ್ರಿ?"

ಸಂಗಣ್ಣ ನನ್ನ ಕಡೆ ಕೈ ಮಾಡಿದ.

"ಖರೇನ ಬರದೀರಿ," ಅಂದಳು. "ಆದ್ರ ದವಾಖಾನಿ ಬಾಗಿಲಾಗ ನಿಂತು ಇದನ್ನ ಓದಿದವರು ಮುಂದ ಏನ್ ಮಾಡಬೇಕ್ರಿ?"

ಎಷ್ಟೋ ವರ್ಷ ಬೇರೆಯವರ ವಾಕ್ಯ ತಿದ್ದಿದವನು ನಾನು. ನನ್ನ ವಾಕ್ಯಕ್ಕೆ ಅಂಥ ಪ್ರಶ್ನೆ ಬಂದಿರಲಿಲ್ಲ. ಅಲ್ಲೇ ಕೂತು ತಿದ್ದಿದೆ: "ಈ ಊರಿನಲ್ಲಿ ಸದ್ಯ ಹೆಸರು ಸಿಕ್ಕಿಲ್ಲ. ಈ ನಂಬರಿಗೆ ಫೋನ್ ಮಾಡಿ." ಯಾವ ನಂಬರು ಎಂದು ಸಂಗಣ್ಣ ಕೇಳುವ ಮೊದಲೇ ಅವಳು ಹೇಳತೊಡಗಿದಳು. ಅದು ಅವನಿಗೂ ನನಗೂ ಗೊತ್ತಿದ್ದ ನಂಬರೇ.

ಕಳೆದ ಸೋಮವಾರಕ್ಕೆ ಬರುತ್ತೇನೆ. ಆ ಹೋಸ್ಟಿಂಗ್ ಕಂಪನಿ ಹಳೆಯ ಬಗೆಯ ಡೇಟಾಬೇಸನ್ನು ಇನ್ನು ನಡೆಸುವುದಿಲ್ಲ. ಹೆಸರುಗಳನ್ನು ಹೊಸ ಡೇಟಾಬೇಸಿಗೆ ಸಾಗಿಸಲಾಗಿದೆ. ಈಗ ಪ್ರತಿ ಒಂದೇ, ತಿದ್ದುವುದೂ ಸರ್ವರಿನಲ್ಲೇ. ಹಳೆಯ ಕಂಪ್ಯೂಟರಿನ ಬಿಡಿಭಾಗ ಗಾಂಧಿ ಚೌಕದ ಗುಜರಿಗೆ ಹೋದವು.

ಮಧ್ಯಾಹ್ನ ಸಂಗಣ್ಣ ಹೊಸ ಪುಟ ಪರೀಕ್ಷಿಸಿದ. ಬಬಲೇಶ್ವರ, ಓ ನೆಗೆಟಿವ್. ತಿದ್ದಿದ ಸಾಲು ಬಂತು, ಅದರ ಕೆಳಗೆ ನಂಬರು ಬಂತು.

"ಬರೋಬರಿ ಐತೋ ಇಲ್ಲೋ ನೋಡೂಣು," ಎಂದು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

ಸುಜಾತಾ ಕೂಡಲೇ ಎತ್ತಿದಳು. ಸಂಗಣ್ಣ ತನ್ನ ಹೆಸರು ಹೇಳುವಷ್ಟು ಹೊತ್ತೂ ಕೊಡಲಿಲ್ಲ.

"ಹೇಳ್ರಿ, ಯಾವ ಗುಂಪ ಬೇಕಾಗೇತಿ? ಪೇಶಂಟ್ ಯಾವ ದವಾಖಾನಿಯಾಗ ಅದಾರ?"