ಡಿಗ್ರಿ ನೋಡುವ ಶಶಿರೇಖಳೂ ಪರಿಷತ್ತಿನ ಕಾಗದವೂ

ಬಂಗಾರಪೇಟೆಯಿಂದ ಐದು ಮೈಲಿ ದೂರದಲ್ಲಿರುವ ನಮ್ಮ ಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ಶಶಿರೇಖ. ಹದಿನೇಳು ವರ್ಷಗಳಿಂದ ಇದೇ ಕೆಲಸ. ಬೆಳಿಗ್ಗೆ ಆರು ಗಂಟೆಗೂ ಸಂಜೆ ಐದೂವರೆಗೂ ಜನ ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅವಳು ಒಬ್ಬೊಬ್ಬರ ಹಾಲನ್ನೂ ಚೆನ್ನಾಗಿ ಕಲಕಿ, ಉದ್ದನೆಯ ಪಾತ್ರೆಗೆ ಬಗ್ಗಿಸಿ, ಅದರೊಳಗೆ ಗಾಜಿನ ಲ್ಯಾಕ್ಟೋಮೀಟರನ್ನು ಬಿಡುತ್ತಾಳೆ. ಅದು ಒಂದೆರಡು ಸಲ ಮೇಲೆ ಕೆಳಗೆ ಆಡಿ ನಿಂತ ಮೇಲೆ, ಬಗ್ಗಿ ಗೀಟು ನೋಡಿ, "ಇಪ್ಪತ್ತೆಂಟು" ಎಂದೋ "ಇಪ್ಪತ್ತೇಳೂವರೆ" ಎಂದೋ ಹೇಳುತ್ತಾಳೆ. ಅದಕ್ಕೆ ನಮ್ಮಲ್ಲಿ ಡಿಗ್ರಿ ಎನ್ನುತ್ತಾರೆ. ಇಪ್ಪತ್ತಾರಕ್ಕಿಂತ ಕೆಳಗೆ ಬಂದರೆ ನೀರು ಬೆರೆಸಿದ ಹಾಲೆಂದು ಲೆಕ್ಕ, ಡೈರಿಯವರು ಕೊಳ್ಳುವುದಿಲ್ಲ.

ಅವಳು ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಥರ್ಮಾಮೀಟರನ್ನು ಏಕೆ ಕೊಡವಬೇಕು ಎಂದು ಕೇಳಿ, ನಾನು ಕೊಟ್ಟ ಉತ್ತರ ಸಾಲದೆಂದು ಮಾರನೆಯ ದಿನವೂ ಅದನ್ನೇ ಕೇಳಿದ ಹುಡುಗಿ. ಬಂಗಾರಪೇಟೆಯಲ್ಲಿ ವಿಜ್ಞಾನ ತೆಗೆದುಕೊಂಡು ಪಿಯುಸಿ ಮುಗಿಸಿದಳು. ಅಷ್ಟರಲ್ಲಿ ನಮ್ಮ ಹಳ್ಳಿಯ ಸುಧಾಕರನಿಗೆ ಕೊಟ್ಟು ಮದುವೆ ಮಾಡಿದರು. ಹನ್ನೊಂದು ವರ್ಷಗಳ ಹಿಂದೆ ಕೆ.ಜಿ.ಎಫ್.ನಲ್ಲಿ ಹಾಲು ಪರೀಕ್ಷಕರಿಗೆ ಮೂರು ದಿನದ ತರಬೇತಿ ನಡೆಯಿತು. ಅದರ ಕೊನೆಯಲ್ಲಿ, ವಿಜ್ಞಾನ ಓದಿದವರನ್ನೆಲ್ಲ ಕ್ಷೀರವಿಜ್ಞಾನ ಪರಿಷತ್ತು ಎಂಬ ತಜ್ಞರ ಸಂಸ್ಥೆಗೆ ಸದಸ್ಯರನ್ನಾಗಿ ಮಾಡಿಕೊಂಡರು. ಆ ಸದಸ್ಯತ್ವದ ಪತ್ರಕ್ಕೆ ಕಟ್ಟು ಹಾಕಿಸಿ ಸುಧಾಕರ ದೇವರ ಪಟಗಳ ಪಕ್ಕದಲ್ಲಿ ತೂಗುಹಾಕಿದ. ಅವಳ ಅತ್ತೆ ಕದಿರಮ್ಮನವರು ಶುಕ್ರವಾರ ಅದಕ್ಕೂ ಒಂದು ಹೂವು ಸಿಕ್ಕಿಸುತ್ತಾರೆ.

ವರ್ಷಕ್ಕೊಮ್ಮೆ ಪರಿಷತ್ತಿನಿಂದ ಕಾಗದ ಬರುತ್ತಿತ್ತು. ಓದಿ ಕಟ್ಟಿನ ಹಿಂದೆ ಸೇರಿಸುವುದಷ್ಟೇ ಅವಳ ಕೆಲಸವಾಗಿತ್ತು. ಹೋದ ಏಪ್ರಿಲ್‌ನಲ್ಲಿ ಬಂದ ಕಾಗದವನ್ನು ಮಾತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

"ಮೇಷ್ಟ್ರೇ, ಇದನ್ನ ನಾಕು ಸಲ ಓದ್ದೆ. ಏನ್ ಮಾಡು ಅಂತಾರೋ ಗೊತ್ತಾಗ್ತಾ ಇಲ್ಲ."

ನಾನು ಓದಿದೆ. ಪರಿಷತ್ತಿನ ಕಾರ್ಯದರ್ಶಿ ಶ್ರೀಧರ್ ಎಂಬುವರು ಬರೆದದ್ದು. ಸದಸ್ಯರು ಹೆಸರಿಗೆ ಮಾತ್ರ ಸದಸ್ಯರಾಗಿರಬಾರದು, ಮುಂದೆ ಬರಬೇಕು, ಕೈಲಾದ ಕೆಲಸವನ್ನು ವಹಿಸಿಕೊಳ್ಳಬೇಕು ಎಂದಿತ್ತು. ಈ ಸಲ ಹಳ್ಳಿ ಪರೀಕ್ಷಕರದೇ ಒಂದು ಸಮಿತಿ ಮಾಡುತ್ತಾರಂತೆ. ಹಾಲಿನ ಪರೀಕ್ಷೆಯಲ್ಲಿ ಎಲ್ಲಾದರೂ ತಕರಾರು ಬಂದರೆ ಆ ಸಮಿತಿಯವರು ಹೋಗಿ ನೋಡಿ ಬರೆದುಕೊಡುತ್ತಾರಂತೆ. ಭಾನುವಾರ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿ ಸಭೆ. ಸಂಚಾಲಕರಾಗಲು ಯಾರೂ ಸಿಗದಿದ್ದರೆ ಸಮಿತಿಯ ಯೋಚನೆಯನ್ನೇ ಕೈಬಿಡುವುದಾಗಿಯೂ ಬರೆದಿದ್ದರು.

"ಸಭೆಗೆ ಹೋಗಬೇಕಮ್ಮ, ಅಷ್ಟೇ" ಎಂದೆ.

"ಸಭೆಗೆ ಓದ್ರೆ ಸಾಕಾ? ನಾನೇ ಕೊಡಿ ಅಂತ ಕೇಳ್ಬೇಕಾ, ಅವರೇ ಕರೆದು ಕೊಡ್ತಾರಾ? ಹನ್ನೊಂದು ವರ್ಷ ಓಗದೇ ಇದ್ದೋಳು ಈಗ ಯಾವ ಮುಖ ಇಟ್ಕೊಂಡು ಓಗೋದು?"

ನಾನು ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟೆ. ಅವಳಿಗೆ ಆ ಸಮಿತಿ ಏಕೆ ಬೇಕೆಂಬುದು ನನಗೆ ಗೊತ್ತಿತ್ತು.

ನಮ್ಮೂರಿನ ಕೆಳಗಣ ಬೀದಿಯ ಮುತ್ಯಾಲಮ್ಮನಿಗೆ ಒಂದು ಸೀಮೆಹಸುವಿದೆ. ಆ ತಿಂಗಳು ಅದರ ಹಾಲು ಇಪ್ಪತ್ನಾಲ್ಕು ತೋರಿಸತೊಡಗಿತು. ಹಾಲು ಬೆಚ್ಚಗಿದ್ದರೆ ಡಿಗ್ರಿ ಕೊಂಚ ಕಡಮೆ ತೋರುತ್ತದೆ. ಶಶಿರೇಖ ಅದನ್ನೂ ಕೂಡಿಸಿ ನೋಡಿದಳು. ಆಗಲೂ ಇಪ್ಪತ್ತೈದೇ. ಎರಡು ಸಲ ಹಾಲು ಹಿಂದಕ್ಕೆ ಹೋಯಿತು. ಬರುವ ಬುಧವಾರ ಮೂರನೆಯ ಸಲ ನೋಡಿ, ಆಗಲೂ ಹಾಗೆಯೇ ಇದ್ದರೆ ಡೈರಿಯಿಂದ ಹೆಸರು ತೆಗೆಯುತ್ತೇವೆಂದು ಅಲ್ಲಿನ ಕಾರ್ಯದರ್ಶಿ ಚಿಕ್ಕವೆಂಕಟಪ್ಪ ಹೇಳಿಬಿಟ್ಟ. ಊರಿನಲ್ಲಿ ಹಾಲಿಗೆ ನೀರು ಬೆರೆಸಿದವಳೆಂಬ ಹೆಸರು ಬಂದರೆ ಆಮೇಲೆ ಅವಳ ಮನೆಯ ಮಜ್ಜಿಗೆಯನ್ನೂ ಯಾರೂ ಮುಟ್ಟುವುದಿಲ್ಲ.

ಮುತ್ಯಾಲಮ್ಮ ಸಾಲಿನಲ್ಲಿಯೇ ನಿಂತು ಕೇಳಿದಳಂತೆ: "ಏನಮ್ಮ ಶಶಿ, ಓದಿರೋಳು ನೀನಾದ್ರೂ ನಿಜ ಏಳು. ನಾನು ನೀರು ಉಯ್ದಿದ್ರೆ ಈ ಕೈ ಬಿದ್ದೋಗ್ಲಿ. ನಿನ್ನ ಗಾಜಿನ ಕಡ್ಡಿಗೆ ನನ್ಮೇಲೆ ಏನು ಸಿಟ್ಟು?"

ಶಶಿರೇಖಳಿಗೂ ಅದೇ ಗೊಂದಲ. ಕಡ್ಡಿ ಸುಳ್ಳು ಹೇಳುವುದಿಲ್ಲ. ಮುತ್ಯಾಲಮ್ಮನೂ ಸುಳ್ಳು ಹೇಳುವವಳಲ್ಲ. ಹಸುವಿನ ಹಾಲನ್ನು ನಮ್ಮೆದುರಿಗೇ ಕರೆಸಿ ಪರೀಕ್ಷಿಸೋಣ ಎಂದು ಚಿಕ್ಕವೆಂಕಟಪ್ಪನಿಗೆ ಹೇಳಿದಳು. ಅವನು ಒಪ್ಪಲಿಲ್ಲ.

"ನೀನೇ ನೋಡಿ ನೀನೇ ಸರಿ ಅಂದ್ರೆ ಯಾರು ಒಪ್ತಾರಮ್ಮ? ಆಯಮ್ಮ ನಿಮ್ಮತ್ತೆಗೆ ವರಸೆಯಲ್ಲಿ ತಂಗಿ ಆಗ್ಬೇಕು. ವಿಷಯ ತಿಳಿದೋರು ಒರಗಡೆಯಿಂದ ಬಂದು ಬರೆದುಕೊಡ್ಲಿ, ನಾನ್ಯಾಕೆ ಬ್ಯಾಡ ಅನ್ಲಿ."

ಹೀಗಾಗಿ ಭಾನುವಾರ ಬೆಳಿಗ್ಗೆ ಅವಳು ಹೊರಟಳು. ಜೊತೆಗೆ ಬನ್ನಿ ಎಂದಳೆಂದು ನಾನೂ ಹೊರಟೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆವು. ಅವಳ ಮಡಿಲಲ್ಲಿ ಒಂದು ಚೀಲವಿತ್ತು. ಅದರಲ್ಲಿ ಮೂರು ಬೇಸಗೆಗಳ ಡಿಗ್ರಿಯನ್ನೂ ಹಾಲಿನ ಬಿಸಿಯನ್ನೂ ಬರೆದ ನೋಟುಪುಸ್ತಕ, ಒಂದು ತೆಂಗಿನಕಾಯಿ, ಅರ್ಧ ಡಜನ್ ಬಾಳೆಹಣ್ಣು. ಕಾಯಿ ಯಾತಕ್ಕೆ ಎಂದು ಕೇಳಿದೆ. "ಮೊದಲ್ನೇ ಸಲ ಓಗ್ತಾ ಇದೀನಿ, ಬರೀ ಕೈಯಲ್ಲಿ ಓಗೋದಾ?" ಎಂದಳು.

ಗಣಿಯವರ ಲೈನು ಮನೆಗಳ ಆಚೆಗಿದ್ದ ಒಂದು ಹಳೆಯ ಕಟ್ಟಡದಲ್ಲಿ ಸಭೆ. ಸದಸ್ಯರು ಹದಿನಾರು ಜನ ಬಂದಿದ್ದರು. ಶ್ರೀಧರ್ ಅವರು ಬಾಗಿಲಲ್ಲಿಯೇ ನಿಂತು ಎಲ್ಲರಿಗೂ ಕೈಮುಗಿದರು. ಅವರು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಂತೆ. ಕನ್ನಡವನ್ನು ಚೆನ್ನಾಗಿ ಕಲಿತಿದ್ದರು. ಶಶಿರೇಖ ಕೊಟ್ಟ ತೆಂಗಿನಕಾಯಿಯನ್ನು ತೆಗೆದುಕೊಂಡು, ಎಲ್ಲಿಡಬೇಕೋ ತೋಚದೆ, ಸ್ವಲ್ಪ ಹೊತ್ತು ಕೈಯಲ್ಲಿಯೇ ಹಿಡಿದುಕೊಂಡಿದ್ದರು. ನನ್ನನ್ನು "ಕಾಫಿ ಕುಡಿಯುತ್ತೀರಾ?" ಎಂದು ಕೇಳಿದರು. "ಬೇಡ, ಬೇಡ" ಎಂದೆ. "ಸರಿ" ಎಂದು ಹೊರಟೇಹೋದರು. ಕಾಫಿ ಕುಡಿಯಬೇಕೆಂದು ನನಗೆ ಬಹಳ ಆಸೆಯಿತ್ತು.

ಸಭೆ ಶುರುವಾಯಿತು. ವಿಜ್ಞಾನವೆಂದರೆ ದೊಡ್ಡ ಊರಿನ ಪ್ರಯೋಗಶಾಲೆಯಲ್ಲಿ ಮಾತ್ರ ಇರುವುದಲ್ಲ, ದಿನಕ್ಕೆ ಎರಡು ಸಲ ಅಳೆದು ನೋಡುವ ನಿಮ್ಮ ಕಣ್ಣಿನಲ್ಲಿಯೂ ಇದೆ, ನೀವು ಬಾಯಿ ಬಿಡದಿದ್ದರೆ ಈ ಪರಿಷತ್ತಿಗೆ ಏನೂ ತಿಳಿಯುವುದಿಲ್ಲ ಎಂದು ಶ್ರೀಧರ್ ಹೇಳಿದರು. ಮನಸ್ಸಿನಿಂದ ಬಂದ ಮಾತು. ಎಲ್ಲರೂ ತಲೆದೂಗಿದರು.

"ಹಳ್ಳಿ ಪರೀಕ್ಷಕರ ಸಮಿತಿಗೆ ಸಂಚಾಲಕರಾಗಲು ಯಾರು ಬರುತ್ತೀರಿ?" ಎಂದರು.

ಯಾರೂ ಕೈ ಎತ್ತಲಿಲ್ಲ. ಶ್ರೀಧರ್ ಪಟ್ಟಿಯನ್ನು ತೆಗೆದು ಹೆಸರು ಹಿಡಿದು ಕೇಳತೊಡಗಿದರು. ಮೊದಲು ಬೇತಮಂಗಲದ ಕಡೆಯ ಪರೀಕ್ಷಕ ಕಾಂತರಾಜ್ ಎದ್ದು ನಿಂತ.

"ನಮ್ ಕೈಲೇನಾಗ್ತದೆ ಸಾರ್, ದೊಡ್ಡೋರು ಯಾರಾದ್ರೂ ಮಾಡ್ಲಿ."

"ಆಗಲಿ" ಎಂದು ಶ್ರೀಧರ್ ಅವನ ಹೆಸರಿನ ಮುಂದೆ ಒಂದು ಗೀಟು ಎಳೆದರು. ಕಾಂತರಾಜ್ ಇನ್ನೂ ನಿಂತೇ ಇದ್ದ. ಮುಂದಿನ ಹೆಸರು ಕೂಗಿದ ಮೇಲೆ ಅತ್ತಿತ್ತ ನೋಡಿ ಕುಳಿತ. ಹೀಗೆಯೇ ಏಳೆಂಟು ಗೀಟುಗಳಾದವು. ಆಮೇಲೆ ಶಶಿರೇಖಳ ಸರದಿ.

"ಅಯ್ಯೋ, ನನಗೆ ಬ್ಯಾಡ ಸಾರ್."

"ಆಗಲಿ."

ಗೀಟು ಬಿತ್ತು. ಅವಳು ತಿರುಗಿ ನನ್ನ ಮುಖ ನೋಡಿದಳು. ಲ್ಯಾಕ್ಟೋಮೀಟರು ಹಾಲಿನಲ್ಲಿ ನೆಟ್ಟಗೆ ಮುಳುಗಿಹೋದರೂ ಅವಳು ಅಷ್ಟು ಕಂಗಾಲಾಗುತ್ತಿರಲಿಲ್ಲ.

ನಮ್ಮ ಕಡೆಯ ರೀತಿ ಹೀಗಿದೆ. ಯಾರಾದರೂ ಏನನ್ನಾದರೂ ಕೊಡಲು ಬಂದರೆ ಮೊದಲನೆಯ ಸಲ ಬೇಡವೆನ್ನಬೇಕು. ಎರಡನೆಯ ಸಲವೂ ಬೇಡವೆಂದರೆ ಇನ್ನೂ ಒಳ್ಳೆಯದು. ಮೂರನೆಯ ಸಲ, "ನೀವು ಇಷ್ಟು ಹೇಳ್ತೀರಿ ಅಂತ" ಎಂದು ಒಪ್ಪಿಕೊಳ್ಳಬೇಕು. ಒಬ್ಬಟ್ಟಿಗೂ ಹೀಗೆಯೇ, ಊರಿನ ಯಜಮಾನಿಕೆಗೂ ಹೀಗೆಯೇ. ಒಂದೇ ಮಾತಿಗೆ ಒಪ್ಪಿದವನು ಆಸೆಬುರುಕ. ಒಂದೇ ಸಲ ಕೇಳಿ ಬಿಟ್ಟವನಿಗೆ ಕೊಡುವ ಮನಸ್ಸೇ ಇರಲಿಲ್ಲ. ಶ್ರೀಧರ್ ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ನನಗಾದರೂ ಅದು ಅರ್ಥವಾದದ್ದು ತಪ್ಪಿಹೋದ ಕಾಫಿಯನ್ನು ನೆನೆದಾಗ.

ಪಟ್ಟಿ ಮುಗಿಯಿತು. "ಹಾಗಾದರೆ ಈ ಸಮಿತಿಯನ್ನು ಕೈಬಿಡೋಣ" ಎಂದು ಅವರು ಮೆಲ್ಲಗೆ ಹೇಳಿದರು. ಎಲ್ಲರೂ ಉಪ್ಪಿಟ್ಟಿನ ಕಡೆಗೆ ಎದ್ದರು. ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತರು.

"ಮೇಷ್ಟ್ರೇ, ವರ್ಷವರ್ಷವೂ ಕಾಗದ ಬರೆದೆ. ಈಗ ಬಂದಿದ್ದಾರೆ. ಬಂದು, ಎಲ್ಲರೂ ಬೇಡ ಎನ್ನುತ್ತಾರೆ. ಬೇಡದವರು ಇಷ್ಟು ದೂರ ಬಂದದ್ದೇಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಶಶಿರೇಖ ಎದುರಿಗೆ ಬಂದು ನಿಂತಳು. ಉಪ್ಪಿಟ್ಟಿನ ತಟ್ಟೆಯನ್ನು ಅವಳು ಮುಟ್ಟಿರಲಿಲ್ಲ.

"ಸಾರ್, ನನ್ನ ಇನ್ನೊಂದ್ಸಲ ಕೇಳಿ."

"ಏನನ್ನು?"

"ಅದೇ, ಸಮಿತಿ."

"ನೀವು ಬೇಡ ಎಂದಿರಲ್ಲ."

"ಅಂದೆ. ಈಗ ಕೇಳಿ."

ಶ್ರೀಧರ್ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅವರು ಎದ್ದು ನಿಂತು, "ಸಂಚಾಲಕರಾಗುತ್ತೀರಾ?" ಎಂದರು.

"ಬ್ಯಾಡ ಸಾರ್, ನನಗಿಂತ ತಿಳಿದೋರು..." ಎಂದವಳು ನಾಲಗೆ ಕಚ್ಚಿಕೊಂಡಳು. "ಬಾಯಿಗೆ ಅಭ್ಯಾಸ ಆಗೋಗಿದೆ ಸಾರ್. ಇನ್ನೊಂದೇ ಸಲ ಕೇಳ್ಬಿಡಿ."

"ಆಗುತ್ತೀರಾ?"

"ಆಗ್ತೀನಿ. ಆದರೆ ಬುಧವಾರದೊಳಗೆ ನಮ್ಮೂರಿಗೆ ಬರ್ಬೇಕು. ಒಂದು ಹಸು ನೋಡೋದಿದೆ."

ಹಿಂದೆ ತಟ್ಟೆ ಹಿಡಿದು ನಿಂತಿದ್ದ ಕಾಂತರಾಜ್, "ಸಾರ್, ಅಕ್ಕಂದು ಮುಗೀತಲ್ಲ, ನನ್ನೂ ಇನ್ನೆರಡು ಸಲ ಕೇಳಿ" ಎಂದ. ಸುತ್ತಲಿದ್ದವರು ನಕ್ಕರು. ಶ್ರೀಧರ್ ನಗಲಿಲ್ಲ. ಪಟ್ಟಿಯನ್ನು ಮತ್ತೆ ತೆಗೆದು, ಮೊದಲಿನಿಂದ ಒಬ್ಬೊಬ್ಬರನ್ನೂ ಸಮಿತಿಗೆ ಬರುತ್ತೀರಾ ಎಂದು ಇನ್ನೆರಡು ಸಲ, ಬಹಳ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಸಮಿತಿಗೆ ಹದಿನಾಲ್ಕು ಜನ ಸೇರಿದರು. ಇಬ್ಬರು ಮಾತ್ರ ಮೂರು ಸಲವೂ ಬೇಡವೆಂದರು. ಅವರಿಗೆ ನಿಜವಾಗಿಯೂ ಬೇಡವಾಗಿತ್ತೋ, ನಾಲ್ಕನೆಯ ಸಲಕ್ಕೆ ಕಾದಿದ್ದರೋ ನಾನು ಹೇಳಲಾರೆ.

ಮಂಗಳವಾರ ಬೆಳಗಾಗುವ ಮೊದಲೇ ಶ್ರೀಧರ್ ಮತ್ತು ಕಾಂತರಾಜ್ ನಮ್ಮ ಹಳ್ಳಿಗೆ ಬಂದರು. ಚಿಕ್ಕವೆಂಕಟಪ್ಪನನ್ನೂ ಕರೆಸಿದರು. ಮುತ್ಯಾಲಮ್ಮ ಕೆಚ್ಚಲು ತೊಳೆದು, ಒರೆಸಿ, ಎಲ್ಲರ ಕಣ್ಣೆದುರಿಗೇ ಒಣಗಿದ ಚೊಂಬಿಗೆ ಕರೆದಳು. ಹಾಲಿನ ನೊರೆ ಇಳಿಯುವವರೆಗೂ ಕಾದರು. ಶಶಿರೇಖ ತಾನು ಮುಟ್ಟದೆ ದೂರ ನಿಂತಳು. ಶ್ರೀಧರ್ ತಾವೇ ಲ್ಯಾಕ್ಟೋಮೀಟರು ಬಿಟ್ಟು ನೋಡಿದರು. ಇಪ್ಪತ್ನಾಲ್ಕು. ಬಿಸಿಯನ್ನು ಕೂಡಿಸಿದರೆ ಇಪ್ಪತ್ತೈದು.

"ನೋಡ್ದಾ ಚಿಕ್ಕವೆಂಕಟಪ್ಪ?" ಎಂದಳು ಮುತ್ಯಾಲಮ್ಮ. "ನಾನು ಉಯ್ಲಿಲ್ಲ. ಇನ್ನು ಇದೇ ಒಳಗೊಳಗೇ ನೀರು ಬೆರಸ್ತೈತೆ ಅಂದ್ರೆ, ಡೈರಿಯಿಂದ ಇದರ ಎಸರೇ ತೆಗೆದಾಕು."

ನೀರು ಬೆರೆಸಿಲ್ಲ, ಹಸುವಿನ ಹಾಲೇ ಹೀಗಿದೆ ಎಂದು ಶ್ರೀಧರ್ ಕಾಗದ ಬರೆದು ಸಹಿ ಹಾಕಿದರು. ಕೆಳಗೆ ಸಂಚಾಲಕಿ ಎಂದು ಶಶಿರೇಖ ಸಹಿ ಹಾಕಿದಳು. ಚಿಕ್ಕವೆಂಕಟಪ್ಪ ಅದನ್ನು ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡ.

ಹಾಲು ಏಕೆ ಹೀಗಾಯಿತೆಂದು ಶಶಿರೇಖ ಕೇಳಿದಳು. ಒಣಮೇವು ಇರಬಹುದು, ಬಿಸಿಲು ಇರಬಹುದು, ತಮಗೂ ಖಚಿತವಾಗಿ ಗೊತ್ತಿಲ್ಲ ಎಂದರು ಶ್ರೀಧರ್. ಅವಳು ನೋಟುಪುಸ್ತಕ ಬಿಚ್ಚಿ ತೋರಿಸಿದಳು. ಕೆಳಗಣ ಬೀದಿಯ ಆರು ಮನೆಯ ಹಸುಗಳ ಡಿಗ್ರಿ ಮೂರು ಬೇಸಗೆಗಳಲ್ಲಿಯೂ ಒಂದಿಷ್ಟು ಇಳಿದಿತ್ತು; ಇಪ್ಪತ್ತಾರಕ್ಕಿಂತ ಕೆಳಗೆ ಹೋದದ್ದು ಮುತ್ಯಾಲಮ್ಮನ ಹಸುವಿನದು ಮಾತ್ರ, ಅದೂ ಈ ವರ್ಷ. ಅದೇ ಹುಲ್ಲು ತಿನ್ನುವ ಮೇಲಣ ಬೀದಿಯ ಹಸುಗಳದು ಇಳಿದಿರಲಿಲ್ಲ. ಶ್ರೀಧರ್ ಹಟ್ಟಿಯ ಕಲ್ಲಿನ ಮೇಲೆ ಕುಳಿತು ಅದನ್ನು ಓದುತ್ತಲೇ ಇದ್ದರು. ಅವರ ಎಂಟು ಗಂಟೆಯ ರೈಲು ತಪ್ಪಿತು.

ಅಂದು ಸಂಜೆ ಡೈರಿಯಲ್ಲಿ ಮುತ್ಯಾಲಮ್ಮ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಇಪ್ಪತ್ನಾಲ್ಕು" ಎಂದಳು ಶಶಿರೇಖ, ಎಂದಿನ ದನಿಯಲ್ಲಿಯೇ. ಚಿಕ್ಕವೆಂಕಟಪ್ಪ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದುಕೊಂಡ.